ಅವರು ಒತ್ತಿದರು, ನಾನೂ ಒತ್ತಿದೆ

ಯಾವ ಪೋಸ್ಟ್ ಓಡುತ್ತದೆ, ಯಾವುದು ಮಲಗುತ್ತದೆ ಎಂದು ಅಂದಾಜು ಮಾಡುವುದು ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬಾಯಿಬಿಟ್ಟಿದ್ದೆ. ಅದನ್ನೇ ಹಿಡಿದುಕೊಂಡು ರಾಶಿ ಪ್ರಶ್ನೆ ಕಳಿಸಿದ್ದೀರಿ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ: ಸೋಷಿಯಲ್ ಮೀಡಿಯಾದಲ್ಲಿ ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವುದು, ಮತ್ತು ಅದನ್ನು ಮೊದಲೇ ಹೇಳಲು ಆಗುತ್ತದೆಯೇ ಎಂಬುದು. ಹೆಸರು ಬೇಡ ಎಂದವರೇ ಜಾಸ್ತಿ. ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಒಂದು ವಿಡಿಯೊ ವೈರಲ್ ಆಗುತ್ತದೋ ಇಲ್ಲವೋ ಎಂದು ಕಂಪ್ಯೂಟರ್ ಮೊದಲೇ ಹೇಳಬಲ್ಲದೇ? ನಮ್ಮ ಪ್ರಾಜೆಕ್ಟ್‌ಗೆ ಇದೇ ವಿಷಯ. ಗೈಡ್ ಕೇಳಿದರೆ 'ಡೇಟಾ ಜಾಸ್ತಿ ಹಾಕಿ, ಆಗುತ್ತೆ' ಅಂತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಮೊದಲೇ ಅಂದರೆ ಯಾವಾಗ? ಪೋಸ್ಟ್ ಮಾಡುವ ಮುಂಚೆಯೋ, ಮಾಡಿ ಒಂದು ಗಂಟೆ ಕಳೆದ ಮೇಲೋ? ಗೈಡ್ ಹತ್ತಿರ ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಅವೆರಡೂ ಬೇರೆ ಬೇರೆ ಪ್ರಾಜೆಕ್ಟ್.

ಮುಂಚೆ ಹೇಳುವುದು ಯಾಕೆ ಕಷ್ಟ ಎನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗ ಒಂದಿದೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ್ದು. ಯಾರೂ ಕೇಳಿರದ ತಂಡಗಳ 48 ಹಾಡು ತೆಗೆದುಕೊಂಡರು. ಒಂದು ವೆಬ್‌ಸೈಟ್ ಮಾಡಿ ಅಲ್ಲಿಟ್ಟರು. 14,341 ಜನ ಬಂದು ಕೇಳಿದರು, ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಂಡರು. ಕೆಲವರಿಗೆ ಬರೀ ಹಾಡಿನ ಪಟ್ಟಿ ಕಾಣಿಸುತ್ತಿತ್ತು. ಉಳಿದವರನ್ನು ಅವರಿಗೇ ಗೊತ್ತಾಗದ ಹಾಗೆ ಎಂಟು ಗುಂಪು ಮಾಡಿ ಹಂಚಿದ್ದರು. ಅವರಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆಯೂ ಕಾಣುತ್ತಿತ್ತು. ಎಂಟೂ ಗುಂಪು ಸೊನ್ನೆಯಿಂದಲೇ ಶುರು. ಹಾಡುಗಳು ಅವೇ, ಜನ ಅಂಥವರೇ. ಆದರೆ ಒಂದೊಂದು ಗುಂಪಿನಲ್ಲಿ ಒಂದೊಂದು ಹಾಡು ಗೆದ್ದಿತು. ಸಂಖ್ಯೆ ಕಾಣದವರ ಲೆಕ್ಕದಲ್ಲಿ 26ನೇ ಜಾಗದಲ್ಲಿದ್ದ, ಅಂದರೆ ಅಷ್ಟಕ್ಕಷ್ಟೇ ಎನ್ನುವ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲನೆಯದು, ಇನ್ನೊಂದರಲ್ಲಿ 40ನೆಯದು! ತೀರಾ ಚೆನ್ನಾಗಿದ್ದವು ತೀರಾ ಕೆಳಗೆ ಹೋಗುವುದು ಅಪರೂಪವಾಗಿತ್ತು, ತೀರಾ ಕೆಟ್ಟವು ಮೇಲೆ ಬರುವುದೂ ಅಪರೂಪ. ನಡುವೆ ಇದ್ದವಕ್ಕೆ ಏನು ಬೇಕಾದರೂ ಆಗಬಹುದಿತ್ತು. ಈಗ ಹೇಳಿ, ಹಾಡನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೆ ತಾನೆ ಏನು ಬಂತು? ಒಂದೇ ಹಾಡಿಗೆ ಎಂಟು ಹಣೆಬರಹ.

ಇನ್ನು ಎರಡನೆಯ ಪ್ರಾಜೆಕ್ಟ್. ಅದು ಮಾಡಬಹುದಾದದ್ದು. 2014ರಲ್ಲಿ ಜಸ್ಟಿನ್ ಚೆಂಗ್ ಮತ್ತು ಜೊತೆಗಾರರು ಫೇಸ್‌ಬುಕ್ ಫೋಟೊಗಳ ಹಂಚಿಕೆ ನೋಡುವಾಗ ಪ್ರಶ್ನೆಯನ್ನೇ ಜಾಣತನದಿಂದ ಬದಲಿಸಿದರು. 'ಇದು ವೈರಲ್ ಆಗುತ್ತಾ?' ಎಂದು ಕೇಳುವುದನ್ನು ಬಿಟ್ಟರು. 'ಇಲ್ಲಿಯವರೆಗೆ ಇಷ್ಟು ಸಲ ಶೇರ್ ಆಗಿದೆ, ಇದರ ದುಪ್ಪಟ್ಟು ಮುಟ್ಟುತ್ತಾ?' ಎಂದು ಕೇಳಿದರು. ಕಣ್ಣು ಮುಚ್ಚಿ ಹೇಳಿದರೆ ಇದರಲ್ಲಿ ಅರ್ಧದಷ್ಟು ಸರಿಯಾಗುತ್ತದೆ. ಅವರ ಗಣಿತದ ಮಾದರಿ ನೂರಕ್ಕೆ 80ರ ಹತ್ತಿರ ಸರಿ ಹೇಳಿತು. ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಫೋಟೊದಲ್ಲಿ ಏನಿದೆ ಎಂಬುದಲ್ಲ, ಮೊದಲ ಕೆಲವು ಶೇರ್‌ಗಳು ಎಷ್ಟು ಬೇಗ ಬಂದವು ಎಂಬುದು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂಡದಲ್ಲಿ ಸೋಮವಾರದ ಪಂದ್ಯ ಅಂತ ಇತ್ತು. ಬೆಳಗಿನ ಪೋಸ್ಟ್‌ಗಳಲ್ಲಿ ಸಂಜೆಗೆ ಯಾವುದು ಮೇಲಿರುತ್ತದೆ ಎಂದು ಎಲ್ಲರೂ ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಬರೆಯುವ ವಿಭಾಗದವರು ಶೀರ್ಷಿಕೆ ಓದಿ, ಚಿತ್ರ ನೋಡಿ, 'ಇದರಲ್ಲಿ ಭಾವನೆ ಇದೆ ಕಣ್ರೀ' ಎಂದು ವಾದ ಮಾಡಿ ಬರೆಯುತ್ತಿದ್ದರು. ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಸಹೋದ್ಯೋಗಿ ಪರದೆಯ ಮೇಲೆ ಚಿತ್ರ ಇರುವ ಜಾಗಕ್ಕೆ ಅಂಟು ಚೀಟಿ ಅಂಟಿಸಿಬಿಡುತ್ತಿದ್ದ. ಅವನು ನೋಡುತ್ತಿದ್ದದ್ದು ಶೇರ್ ಆದ ಸಮಯದ ಸಾಲು ಮಾತ್ರ. 9.02, 9.03, 9.03, 9.04: 'ಇದು ಓಡುತ್ತೆ.' 9.02, 9.11, 9.40: 'ಇದು ಮಲಗ್ತು.' ಪಂದ್ಯ ಜಾಸ್ತಿ ಗೆಲ್ಲುತ್ತಿದ್ದವನು ಅವನೇ. ಬರಹಗಾರರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ನಿಮ್ಮ ಪ್ರಾಜೆಕ್ಟ್‌ಗೆ ಒಂದು ದಾರಿ ಹೇಳುತ್ತೇನೆ. ಒಂದು ದೊಡ್ಡ ಭೂಕಂಪ ಆದ ಮೇಲೆ ಸಣ್ಣ ಕಂಪನಗಳು ಬರುತ್ತವಲ್ಲ, ಪ್ರತಿ ಕಂಪನವೂ ಮುಂದಿನದಕ್ಕೆ ಒಂದಿಷ್ಟು ಅವಕಾಶ ಹೆಚ್ಚಿಸುತ್ತದೆ, ಆಮೇಲೆ ಆ ಪರಿಣಾಮ ಸಮಯ ಕಳೆದಂತೆ ತಗ್ಗುತ್ತದೆ. ಅಲನ್ ಹಾಕ್ಸ್ 1971ರಲ್ಲಿ ಕೊಟ್ಟ ಗಣಿತವನ್ನು ಭೂಕಂಪದವರು ಹೀಗೆ ಬಳಸಿಕೊಂಡರು. ಶೇರ್‌ಗಳೂ ಹಾಗೇ: ಪ್ರತಿ ಶೇರ್ ಇನ್ನೊಂದಿಷ್ಟು ಶೇರ್ ಹುಟ್ಟಿಸುತ್ತದೆ, ಹೊತ್ತು ಹೋದಂತೆ ಬಲ ಕುಂದುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯೂರೆ ಲೆಸ್ಕೊವೆಕ್ ಅವರ ಗುಂಪು ಇದೇ ಗಣಿತವನ್ನು ಟ್ವಿಟರ್‌ಗೆ ಹಚ್ಚಿತು. ಒಂದು ಗಂಟೆ ನೋಡಿ ಕೊನೆಗೆ ಎಷ್ಟು ರೀಟ್ವೀಟ್ ಆಗುತ್ತದೆ ಎಂದು ಅಂದಾಜಿಸಿದಾಗ ಸಾಮಾನ್ಯವಾಗಿ ಶೇಕಡ 15ರಷ್ಟು ಮಾತ್ರ ತಪ್ಪು ಬಂತು. ಆ ಮಾದರಿಗೆ ಹೆಸರಿಟ್ಟದ್ದೂ 'ಸೀಸ್ಮಿಕ್', ಅಂದರೆ ಭೂಕಂಪದ್ದು, ಎಂದೇ.

ಒಂದು ಎಚ್ಚರಿಕೆ. ಎಷ್ಟು ಹೊತ್ತು ಕಾಯಬೇಕು ಎಂಬುದು ಜಾಗದ ಮೇಲೆ ಹೋಗುತ್ತದೆ. ಗಾಬರ್ ಸ್ಜಾಬೊ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಅವರಿಗೆ ತಿಂಗಳ ನಂತರದ ಜನಪ್ರಿಯತೆ ಹೇಳಲು ಡಿಗ್ ಎಂಬ ಸುದ್ದಿ ತಾಣದಲ್ಲಿ ಎರಡು ಗಂಟೆ ನೋಡಿದರೆ ಸಾಕಾಗಿತ್ತು. ಅಷ್ಟೇ ಖಚಿತವಾಗಿ ಯೂಟ್ಯೂಬ್‌ನಲ್ಲಿ ಹೇಳಲು ಹತ್ತು ದಿನ ಬೇಕಾಯಿತು. ಸುದ್ದಿ ಬೇಗ ಹಳಸುತ್ತದೆ, ವಿಡಿಯೊ ಹುಡುಕಿಕೊಂಡು ಬರುವವರು ನಿಧಾನವಾಗಿ ಬರುತ್ತಲೇ ಇರುತ್ತಾರೆ.

ಪ್ರಶ್ನೆ: ಏನೇ ಹೇಳಿ ಮೇಡಂ, ಜನ ಕುರಿಮಂದೆ. ಅಲ್ವಾ?
— ಹೆಸರು ಬೇಡ ಎಂದವರು

ನೀವು ಜನರಲ್ಲಿ ಸೇರಿಲ್ಲವೇ?

1969ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಇಬ್ಬರು ಜೊತೆಗಾರರು ನ್ಯೂಯಾರ್ಕ್‌ನ ಒಂದು ಬೀದಿಯಲ್ಲಿ ತಮ್ಮ ಕಡೆಯವರನ್ನು ನಿಲ್ಲಿಸಿ ಎದುರಿನ ಕಟ್ಟಡದ ಕಿಟಕಿಯನ್ನು ದಿಟ್ಟಿಸಲು ಹೇಳಿದರು. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. 15 ಜನ ನಿಂತು ನೋಡುವಾಗ ದಾರಿಹೋಕರಲ್ಲಿ ನೂರಕ್ಕೆ 86 ಜನ ತಲೆಯೆತ್ತಿ ನೋಡಿದರು. ಆದರೆ ನಿಂತು ನೋಡಿದವರು 40 ಮಾತ್ರ. ಒಬ್ಬನೇ ನಿಂತು ನೋಡುವಾಗ 42 ಜನ ತಲೆಯೆತ್ತಿದರು, ನಿಂತವರು 4. ತಲೆ ಎತ್ತುವುದಕ್ಕೆ ಏನೂ ಖರ್ಚಿಲ್ಲ. ನಿಲ್ಲುವುದಕ್ಕೆ ಸಮಯ ಬೇಕು. ಲೈಕ್ ಒತ್ತುವುದು ತಲೆಯೆತ್ತಿದ ಹಾಗೆ. ಅದನ್ನು ನೋಡಿಯೇ ಜನ ಹೀಗೆ ಎಂದು ತೀರ್ಪು ಕೊಡಬೇಡಿ.

ಇನ್ನೊಂದು ಮಾತು. 2019ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ 1992ರಲ್ಲೇ ಒಂದು ಸರಳ ಮಾದರಿ ಬರೆದು ತೋರಿಸಿದ್ದರು. ಎಲ್ಲರೂ ತಲೆ ಉಪಯೋಗಿಸಿದರೂ ಮಂದೆ ಹುಟ್ಟಬಹುದು. ನಿಮಗಿಂತ ಮುಂದೆ ಇದ್ದ ಇಬ್ಬರು ಎಡಕ್ಕೆ ಹೋದರು. ಅವರಿಗೆ ಏನೋ ಗೊತ್ತಿರಬೇಕು ಎಂದು ನೀವು ಲೆಕ್ಕ ಹಾಕುತ್ತೀರಿ. ನಿಮಗೆ ಗೊತ್ತಿದ್ದದ್ದು ಬಲಕ್ಕೆ ಹೋಗು ಎನ್ನುತ್ತಿದ್ದರೂ ಎಡಕ್ಕೆ ಹೋಗುತ್ತೀರಿ. ಇದು ನ್ಯಾಯವಾದ ಲೆಕ್ಕವೇ. ತೊಂದರೆ ಏನೆಂದರೆ, ನಿಮಗೆ ಗೊತ್ತಿದ್ದದ್ದು ಹಿಂದೆ ಬರುವವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಎಡಕ್ಕೆ ಹೋದ ಮೂರು ಜನ.

ಪ್ರಶ್ನೆ: ನನ್ನ ಪೋಸ್ಟ್‌ಗೆ ನಾನೇ ಮೊದಲ ಲೈಕ್ ಕೊಟ್ಟುಕೊಂಡರೆ ಪ್ರಯೋಜನ ಉಂಟಾ?
— ಕವಿ

ನಿಮ್ಮ ಹೆಸರೇ ಅಲ್ಲಿ ಕಂಡರೆ ನಗುತ್ತಾರೆ. ಯಾರದೆಂದು ಕಾಣದಿದ್ದರೆ ಪ್ರಯೋಜನ ಉಂಟು ಎಂದು ಹೇಳಲು ನನಗೆ ಸಂಕಟವಾಗುತ್ತದೆ. ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸುದ್ದಿ ತಾಣದ 1,01,281 ಕಮೆಂಟ್‌ಗಳ ಪೈಕಿ ಕೆಲವಕ್ಕೆ ಚೀಟಿ ಎತ್ತಿದ ಹಾಗೆ ಒಂದು ಸುಳ್ಳು ಮೆಚ್ಚುಗೆ ಕೊಟ್ಟರು. ಅಂಥವನ್ನು ಮೊದಲು ನೋಡಿದ ಓದುಗ ತಾನೂ ಮೆಚ್ಚುಗೆ ಒತ್ತುವ ಸಾಧ್ಯತೆ ಶೇಕಡ 32 ಹೆಚ್ಚಿತು. ಕೊನೆಯಲ್ಲಿ ಅವುಗಳ ಅಂಕ ಸರಾಸರಿ ಶೇಕಡ 25 ಮೇಲಿತ್ತು. ಸುಳ್ಳು ತೆಗಳಿಕೆಗೆ ಮಾತ್ರ ಈ ಬಲ ಇರಲಿಲ್ಲ. ಯಾರೋ ಬಂದು 'ಪಾಪ, ಅಷ್ಟೇನೂ ಕೆಟ್ಟದಾಗಿಲ್ಲ' ಎಂಬಂತೆ ಮೆಚ್ಚುಗೆ ಒತ್ತಿ ಸರಿದೂಗಿಸುತ್ತಿದ್ದರು. ಹೊಗಳಿಕೆ ಅಂಟುತ್ತದೆ, ತೆಗಳಿಕೆಯನ್ನು ಜನ ತಡೆದು ಯೋಚಿಸುತ್ತಾರೆ. ಕವಿಗಳಿಗೆ ಇದು ಸಮಾಧಾನದ ಸುದ್ದಿ ಇರಬೇಕು.

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ ಒಬ್ಬ ಓಟದ ಆ್ಯಪ್ ಹಾಕಿಕೊಂಡು ದಿನಾ ಎಷ್ಟು ಓಡಿದೆ ಎಂದು ಪೋಸ್ಟ್ ಮಾಡತೊಡಗಿದ. ಈಗ ಆರು ಜನ ಓಡುತ್ತಿದ್ದೇವೆ, ನಾನೂ ಸೇರಿ. 'ನಾನೇ ನಿಮಗೆ ಹಚ್ಚಿದ್ದು' ಎಂದು ಅವನ ಹೆಮ್ಮೆ. ನಿಜವಾಗಿ ಅವನನ್ನು ನೋಡಿಯೇ ನಾವು ಶುರು ಮಾಡಿದೆವು ಎಂದು ಹೇಗೆ ಗೊತ್ತಾಗುತ್ತದೆ?
— ಆರನೆಯವನು

ಈ ಸಲ ಬಂದ ಪ್ರಶ್ನೆಗಳಲ್ಲಿ ಇದು ನನಗೆ ಹಿಡಿಸಿತು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ನಿದ್ದೆ ಕೆಡಿಸಿರುವ ಪ್ರಶ್ನೆಯೂ ಇದೇ.

ನೀವು ಆರು ಜನ ಗೆಳೆಯರಾದದ್ದು ಯಾಕೆ? ಒಂದೇ ವಯಸ್ಸು, ಒಂದೇ ಥರದ ಕೆಲಸ, ಒಂದೇ ಥರದ ಹೊಟ್ಟೆ ಬೆಳೆಯುವ ಚಿಂತೆ. ಅವನು ಓಡದಿದ್ದರೂ ನೀವು ಇನ್ನೆರಡು ತಿಂಗಳಲ್ಲಿ ಓಡುತ್ತಿದ್ದಿರೇನೋ. ಒಂದೇ ಜಾಹೀರಾತು ಎಲ್ಲರಿಗೂ ಕಂಡಿರಬಹುದು. ಹೊರಗಿನಿಂದ ನೋಡುವವನಿಗೆ ಮೂರೂ ಒಂದೇ ಥರ ಕಾಣುತ್ತವೆ: ಒಬ್ಬನಾದ ಮೇಲೆ ಒಬ್ಬ ಓಡತೊಡಗಿದ.

ಈ ಗೊಂದಲ ಎಲ್ಲಿಗೆ ಕರೆದೊಯ್ಯಬಹುದು ಎನ್ನುವುದಕ್ಕೆ 2008ರ ಒಂದು ಅಧ್ಯಯನ ಇದೆ. ಅದರ ಹಿಂದಿನ ವರ್ಷ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಸ್ಥೂಲಕಾಯ ಗೆಳೆಯರಿಂದ ಗೆಳೆಯರಿಗೆ ಹರಡುತ್ತದೆ ಎಂದು ಬರೆದಿದ್ದರು. ಅದು ಎಲ್ಲ ಕಡೆ ಸುದ್ದಿಯಾಗಿತ್ತು. ಈಥನ್ ಕೋಹೆನ್-ಕೋಲ್ ಮತ್ತು ಜೇಸನ್ ಫ್ಲೆಚರ್ ಅಂಥದೇ ಲೆಕ್ಕದ ವಿಧಾನವನ್ನು ಹದಿಹರೆಯದವರ ಮೊಡವೆ, ತಲೆನೋವು ಮತ್ತು ಎತ್ತರಕ್ಕೆ ಹಚ್ಚಿ ನೋಡಿದರು. ಮೂರೂ 'ಹರಡಿದವು'. ಎತ್ತರ! ಗೆಳೆಯ ಉದ್ದ ಇದ್ದಾನೆ ಎಂದು ಯಾರೂ ಉದ್ದ ಆಗುವುದಿಲ್ಲವಲ್ಲ. ಸುತ್ತಲಿನ ಉಳಿದ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ಪರಿಣಾಮ ಕರಗಿತು. ಹೊಸಬರು ಯಾರಾದರೂ 'ಪ್ರಭಾವ ಕಂಡುಹಿಡಿದೆ' ಎಂದು ಗ್ರಾಫ್ ಹಿಡಿದು ಬಂದರೆ ನಾನು ಕೇಳುತ್ತಿದ್ದ ಮೊದಲ ಮಾತು ಇದೇ: 'ಇದರಲ್ಲಿ ಎತ್ತರ ಹಾಕಿ ನೋಡಿದ್ಯಾ?'

ಆನ್‌ಲೈನ್‌ನಲ್ಲಿ ಈ ತಪ್ಪು ಎಷ್ಟು ದೊಡ್ಡದು? 2009ರಲ್ಲಿ ಅರಲ್, ಮುಚ್ನಿಕ್ ಮತ್ತು ಅರುಣ್ ಸುಂದರರಾಜನ್ ಮೆಸೇಜಿಂಗ್ ಜಾಲವೊಂದರ 2.7 ಕೋಟಿ ಬಳಕೆದಾರರಲ್ಲಿ ಯಾಹೂ ಕಂಪನಿಯ ಒಂದು ಆ್ಯಪ್ ಹೇಗೆ ಹರಡಿತು ಎಂದು ನೋಡಿದರು. ಒಬ್ಬರನ್ನು ನೋಡಿ ಒಬ್ಬರು ಹಾಕಿಕೊಂಡರು ಎಂದು ಕಾಣುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರೀ ಹೋಲಿಕೆ. ಅಂಥವರು ಹೇಗೂ ಹಾಕಿಕೊಳ್ಳುತ್ತಿದ್ದರು. ಹಳೆಯ ವಿಧಾನಗಳು ಪ್ರಭಾವವನ್ನು ಶೇಕಡ 300ರಿಂದ 700ರಷ್ಟು ಉಬ್ಬಿಸಿ ಹೇಳುತ್ತಿದ್ದವು.

ಹಾಗಾದರೆ ನೋಡಿ ಕಲಿಯುವುದೇ ಸುಳ್ಳಾ? ಇಲ್ಲ. ಆದರೆ ಅದನ್ನು ಹಿಡಿಯಲು ಪ್ರಯೋಗ ಬೇಕು. 2010ರ ನವೆಂಬರ್ 2ರಂದು ಅಮೆರಿಕದಲ್ಲಿ ಚುನಾವಣೆ. ಆ ದಿನ ಫೇಸ್‌ಬುಕ್ ಸುಮಾರು 6.1 ಕೋಟಿ ಜನರನ್ನು ಒಂದು ಪ್ರಯೋಗಕ್ಕೆ ಸೇರಿಸಿತು. ಬಹುತೇಕರಿಗೆ 'ಇಂದು ಮತದಾನ' ಎಂಬ ಸಂದೇಶದ ಜೊತೆ ಈಗಾಗಲೇ ಮತ ಹಾಕಿದ್ದೇವೆ ಎಂದ ಗೆಳೆಯರ ಮುಖ ಕಾಣಿಸಿದವು. ಒಂದು ಸಣ್ಣ ಗುಂಪಿಗೆ ಸಂದೇಶ ಮಾತ್ರ, ಮುಖ ಇಲ್ಲ. ಇನ್ನೊಂದು ಸಣ್ಣ ಗುಂಪಿಗೆ ಏನೂ ಇಲ್ಲ. ಆಮೇಲೆ ಸಂಶೋಧಕರು ಮತದಾನದ ದಾಖಲೆ ಜೊತೆ ತಾಳೆ ನೋಡಿದರು. ಬರೀ ಸಂದೇಶ ನೋಡಿದವರಿಗೂ ಏನೂ ನೋಡದವರಿಗೂ ವ್ಯತ್ಯಾಸವೇ ಇರಲಿಲ್ಲ. ಮುಖ ನೋಡಿದವರಲ್ಲಿ ಮತ ಹಾಕಿದವರು ಶೇಕಡ 0.39 ಜಾಸ್ತಿ. ಸಣ್ಣದು ಅನಿಸುತ್ತದೆ. ಅಷ್ಟು ಕೋಟಿ ಜನರ ಮೇಲೆ ಹರಡಿದಾಗ ನೇರವಾಗಿ ಸುಮಾರು 60,000 ಮತ, ಗೆಳೆಯರ ಮೂಲಕ ಇನ್ನೂ 2,80,000 ಮತ ಎಂದು ಅವರ ಅಂದಾಜು. ಆ ಗೆಳೆಯರ ಮೂಲಕದ ಪರಿಣಾಮ ಬಂದದ್ದು ಹತ್ತಿರದ ಗೆಳೆಯರಿಂದ. ಎಂದೋ ಸೇರಿಸಿಕೊಂಡು ಮರೆತ ಪರಿಚಯದವರಿಂದ ಹೆಚ್ಚೇನೂ ಆಗಲಿಲ್ಲ.

ನಿಮ್ಮ ಗೆಳೆಯನಿಗೆ ಆರರಲ್ಲಿ ಒಂದೆರಡು ಜನರನ್ನು ಕೊಡೋಣ. ಅಷ್ಟು ಹೆಮ್ಮೆ ಸಾಕು.

ಪ್ರಶ್ನೆ: ನಾನು ಎರಡು ಹಳೆಯ ವಿದ್ಯಾರ್ಥಿ ಗುಂಪುಗಳಲ್ಲಿದ್ದೇನೆ. ಎರಡರಲ್ಲೂ ನೂರರ ಹತ್ತಿರ ಜನ, ಒಂದೇ ಶಾಲೆ. ಶಾಲೆಯ ಹಳೆಯ ಕಟ್ಟಡ ಉಳಿಸಬೇಕೆಂದು ಎಲ್ಲರೂ ಪ್ರೊಫೈಲ್ ಚಿತ್ರ ಬದಲಿಸುವಂತೆ ಕೇಳಿದೆವು. ಒಂದರಲ್ಲಿ ಎರಡೇ ದಿನದಲ್ಲಿ ಎಲ್ಲರೂ ಬದಲಿಸಿದರು. ಇನ್ನೊಂದರಲ್ಲಿ ಒಬ್ಬರು ಬಿಟ್ಟು ಯಾರೂ ಇಲ್ಲ. ಆ ಗುಂಪಿನವರಿಗೆ ಅಭಿಮಾನವೇ ಇಲ್ಲವೇ?
— ನಿವೃತ್ತ ಶಿಕ್ಷಕರು

ಮೇಷ್ಟ್ರೇ, ಬಯ್ಯುವ ಮುಂಚೆ ಒಂದು ಲೆಕ್ಕ ಮಾಡಿ.

ನೂರು ಜನ ಇದ್ದಾರೆ ಎನ್ನಿ. ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಗಡಿ ಇರುತ್ತದೆ: 'ಇಷ್ಟು ಜನ ಮಾಡಿದ್ದು ಕಂಡರೆ ನಾನೂ ಮಾಡುತ್ತೇನೆ.' ಮೊದಲನೆಯವರ ಗಡಿ ಸೊನ್ನೆ. ಯಾರು ಮಾಡದಿದ್ದರೂ ಅವರು ಮಾಡುತ್ತಾರೆ. ಎರಡನೆಯವರದು 1, ಮೂರನೆಯವರದು 2, ಹೀಗೆ ನೂರನೆಯವರದು 99. ಸೊನ್ನೆಯವರು ಚಿತ್ರ ಬದಲಿಸಿದರು. ಅದನ್ನು ನೋಡಿ 1ರವರು ಬದಲಿಸಿದರು. ಈಗ ಇಬ್ಬರಾದರು, 2ರವರಿಗೆ ಅಷ್ಟು ಸಾಕು. ಸರಸರ ಎಂದು ನೂರೂ ಮುಗಿಯಿತು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಎರಡನೆಯವರ ಗಡಿಯನ್ನು 1ರಿಂದ 2ಕ್ಕೆ ಏರಿಸಿ. ಉಳಿದ 99 ಜನ ಅವರೇ. ಸೊನ್ನೆಯವರು ಬದಲಿಸಿದರು. ಒಬ್ಬರನ್ನು ನೋಡಿ ಮುಂದೆ ಬರುವವರು ಈಗ ಯಾರೂ ಇಲ್ಲ. ಇಬ್ಬರಾಗಲಿ ಎಂದು ಇಬ್ಬರು ಕಾಯುತ್ತಾರೆ, ಮೂವರಾಗಲಿ ಎಂದು ಇನ್ನೊಬ್ಬರು. ಅಲ್ಲಿಗೆ ನಿಂತಿತು. ಒಬ್ಬರ ಚಿತ್ರ ಮಾತ್ರ ಬದಲಾಯಿತು. ನಿಮ್ಮ ಎರಡನೆಯ ಗುಂಪು ಇದೇ ಅಲ್ವಾ?

ಈ ಲೆಕ್ಕ ಮಾರ್ಕ್ ಗ್ರಾನೊವೆಟರ್ ಅವರದು, 1978ರದ್ದು. ಅವರು ಗಲಭೆಯ ಉದಾಹರಣೆ ಕೊಟ್ಟಿದ್ದರು. ಎರಡು ಗುಂಪಿನ ಸರಾಸರಿ ಅಭಿಮಾನ ಅಳೆದರೆ ಕೂದಲೆಳೆಯ ವ್ಯತ್ಯಾಸವೂ ಸಿಗುವುದಿಲ್ಲ. ಫಲಿತಾಂಶ ಮಾತ್ರ ನೂರು ಮತ್ತು ಒಂದು. ಜನರ ಮನಸ್ಸು ಒಂದೊಂದಾಗಿ ಓದಿದರೆ ಗುಂಪು ಏನು ಮಾಡುತ್ತದೆ ಎಂದು ಹೇಳಬಹುದು ಎನ್ನುವವರಿಗೆ ನಾನು ಯಾವಾಗಲೂ ಈ ಲೆಕ್ಕ ಬರೆದು ತೋರಿಸುತ್ತೇನೆ. ಯಾರ ಗಡಿ ಎಷ್ಟು ಎಂದು ಅವರಿಗೇ ಗೊತ್ತಿರುವುದಿಲ್ಲ. ಅದು ಬೆಳಗ್ಗೆ ಒಂದಿದ್ದರೆ ರಾತ್ರಿ ಇನ್ನೊಂದಿರುತ್ತದೆ.

ಎರಡನೆಯ ಗುಂಪಿನಲ್ಲಿ ಇಬ್ಬರಿಗೆ ಫೋನ್ ಮಾಡಿ. ಭಾಷಣ ಬೇಡ, ಸುಮ್ನೆ ಚಿತ್ರ ಬದಲಿಸಿ ಎನ್ನಿ. ಏನಾಯಿತು ಎಂದು ನನಗೂ ಬರೆಯಿರಿ.

ಪ್ರಶ್ನೆ: ನಮ್ಮ ಸಣ್ಣ ಸಂಸ್ಥೆಯ ಪ್ರಚಾರಕ್ಕೆ ಲಕ್ಷಾಂತರ ಫಾಲೋವರ್ ಇರುವ ಒಬ್ಬರನ್ನು ಹಿಡಿಯುವುದೋ, ಸಾಧಾರಣ ಜನ ಹತ್ತಾರು ಮಂದಿಯನ್ನೋ?
— ವ್ಯವಹಾರ ನೋಡಿಕೊಳ್ಳುವವರು

ನನ್ನ ಓಟು ಹತ್ತಾರು ಮಂದಿಗೆ. ಎಯ್ಟನ್ ಬಕ್ಷಿ, ವಾಟ್ಸ್ ಮತ್ತಿತರರು 2011ರಲ್ಲಿ 16 ಲಕ್ಷ ಟ್ವಿಟರ್ ಬಳಕೆದಾರರ 7.4 ಕೋಟಿ ಹಂಚಿಕೆಗಳನ್ನು ನೋಡಿದರು. ದೊಡ್ಡ ಅಲೆ ಎದ್ದಾಗ ಹಿಂದೆ ನೋಡಿದರೆ ಫಾಲೋವರ್ ಜಾಸ್ತಿ ಇದ್ದವರು ಸಿಗುತ್ತಾರೆ, ನಿಜ. ಆದರೆ ಅಂಥವರಲ್ಲಿ ಈ ಸಲ ಯಾರು ಅಲೆ ಎಬ್ಬಿಸುತ್ತಾರೆ ಎಂದು ಮುಂದಾಗಿ ಹೇಳಲು ಆಗಲಿಲ್ಲ. ಗೆದ್ದವರನ್ನಷ್ಟೇ ನೋಡಿ ಸೂತ್ರ ಬರೆಯುವವರು ಅದೇ ಸೂತ್ರ ಇಟ್ಟುಕೊಂಡು ಸೋತವರನ್ನು ಎಣಿಸುವುದಿಲ್ಲ. ಶರದ್ ಗೋಯಲ್, ವಾಟ್ಸ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಬೇರೆ ಬೇರೆ ತಾಣಗಳನ್ನು ನೋಡಿದಾಗ ಬಹುಪಾಲು ಹಂಚಿಕೆ ಮೊದಲ ಹೆಜ್ಜೆಗೇ ನಿಲ್ಲುತ್ತದೆ ಎಂದು ಕಂಡಿತು. ಒಬ್ಬರು ಹಾಕಿದರು, ಅವರ ಹತ್ತಿರದವರು ಒಂದಿಬ್ಬರು ತೆಗೆದುಕೊಂಡರು, ಮುಗಿಯಿತು. ಈ ಸಾಧಾರಣ ಲೆಕ್ಕದ ಮೇಲೆ ನಿಮ್ಮ ಯೋಜನೆ ನಿಲ್ಲಲಿ. ಅಲೆ ಎದ್ದರೆ ಅದು ಮೇಲಿನ ಲಾಭ.

ಪ್ರಶ್ನೆ: ಏನು ಬೇಡ ಎಂದರೂ ಮಗಳು 'ಎಲ್ಲರೂ ಮಾಡ್ತಾರಮ್ಮ' ಅಂತಾಳೆ. ಈಗ ಯಾವುದೋ ಚಾಲೆಂಜ್ ವಿಡಿಯೊ ಮಾಡಬೇಕಂತೆ. ನೋಡಿದರೇ ಭಯವಾಗುತ್ತದೆ. ನಿಜವಾಗಿ ಎಲ್ಲರೂ ಮಾಡುತ್ತಾರಾ?
— ಒಬ್ಬ ತಾಯಿ

ಮಾಡುವುದಿಲ್ಲ. ಆದರೆ ಅವಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ಹಾಗೇ ಕಾಣುತ್ತದೆ.

ಒಂದು ಕಾಗದ ತೆಗೆದುಕೊಳ್ಳಿ. ಹನ್ನೊಂದು ಚುಕ್ಕಿ ಇಡಿ. ನಡುವಿನದು ಎಲ್ಲರಿಗೂ ಗೆಳತಿಯಾಗಿರುವ ಒಬ್ಬ ಹುಡುಗಿ. ಉಳಿದ ಹತ್ತು ಹುಡುಗಿಯರು ಇಬ್ಬಿಬ್ಬರ ಜೋಡಿ. ಪ್ರತಿ ಹುಡುಗಿಗೂ ಇಬ್ಬರು ಗೆಳತಿಯರು: ತನ್ನ ಜೋಡಿ ಮತ್ತು ನಡುವಿನವಳು. ಈಗ ನಡುವಿನವಳು ಮಾತ್ರ ಆ ವಿಡಿಯೊ ಮಾಡುತ್ತಾಳೆ. ಹನ್ನೊಂದರಲ್ಲಿ ಒಬ್ಬಳು. ಆದರೆ ಉಳಿದ ಹತ್ತರಲ್ಲಿ ಯಾರನ್ನು ಕೇಳಿದರೂ 'ನನ್ನ ಗೆಳತಿಯರಲ್ಲಿ ಅರ್ಧ ಜನ ಮಾಡಿದ್ದಾರೆ' ಎಂದೇ ಹೇಳುತ್ತಾಳೆ. ಎಲ್ಲರದೂ ಸತ್ಯವೇ! ನಮ್ಮ ಗೆಳೆಯರಿಗೆ ಸಾಮಾನ್ಯವಾಗಿ ನಮಗಿಂತ ಜಾಸ್ತಿ ಗೆಳೆಯರಿರುತ್ತಾರೆ ಎಂದು ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದ್ದರ ಬಾಲ ಇದು. ಜಾಸ್ತಿ ಗೆಳೆಯರಿರುವವರು ಜಾಸ್ತಿ ಜನರ ಪಟ್ಟಿಯಲ್ಲಿ ಇರುತ್ತಾರೆ. ಅವರು ಮಾಡಿದ್ದು ಊರೆಲ್ಲ ಮಾಡಿದಂತೆ ಕಾಣುತ್ತದೆ. ಅವರ ಮೇಲೆ ಕಣ್ಣಿಟ್ಟರೆ ಹರಡುವುದು ಬೇಗ ಗೊತ್ತಾಗುವುದೂ ನಿಜ. 2009ರಲ್ಲಿ ಹಾರ್ವರ್ಡ್‌ನಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ ಕೆಲವು ವಿದ್ಯಾರ್ಥಿಗಳನ್ನು ಸುಮ್ನೆ ಆರಿಸಿ, ಅವರು ಹೆಸರಿಸಿದ ಗೆಳೆಯರನ್ನೂ ಗಮನಿಸಿದರು. ಫ್ಲೂ ಜ್ವರ ಗೆಳೆಯರ ಗುಂಪಿನಲ್ಲಿ ಸುಮಾರು ಎರಡು ವಾರ ಮೊದಲೇ ಕಾಣಿಸಿತು.

ಚಾಲೆಂಜ್‌ಗಳಿಗೆ ಇನ್ನೊಂದು ಗುಣ ಇದೆ. ಸುದ್ದಿ ಹಂಚಲು ಒಬ್ಬರು ಹೇಳಿದರೆ ಸಾಕು. ಕಷ್ಟದ ಕೆಲಸ ಮಾಡಲು ನಾಲ್ಕು ಕಡೆಯಿಂದ ಒತ್ತಡ ಬೇಕು. ಡೇಮನ್ ಸೆಂಟೋಲಾ 2010ರಲ್ಲಿ 1,528 ಜನರನ್ನು ಒಂದು ಆರೋಗ್ಯ ತಾಣದಲ್ಲಿ ಎರಡು ಥರದ ಜಾಲಗಳಲ್ಲಿ ಕೂಡಿಸಿ ನೋಡಿದರು. ಗೆಳೆಯರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವ ಒತ್ತಾದ ಜಾಲದಲ್ಲಿ ಹೊಸ ಅಭ್ಯಾಸ ಸುಮಾರು ಶೇಕಡ 54 ಜನರನ್ನು ಮುಟ್ಟಿತು. ಚದುರಿದ ಜಾಲದಲ್ಲಿ ಸುಮಾರು 38. ಒಂದೇ ತರಗತಿಯ ಹುಡುಗಿಯರ ಗುಂಪು ಎಷ್ಟು ಒತ್ತಾಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ತಲೆ ಮೇಲೆ ಐಸ್ ನೀರು ಸುರಿದುಕೊಳ್ಳುವ 2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆಯೇ? ಅದರ ಗುಟ್ಟು ನೀರಿನಲ್ಲಿರಲಿಲ್ಲ, ಹೆಸರು ಕೂಗಿ ಕರೆಯುವುದರಲ್ಲಿತ್ತು. ಮೂವರನ್ನು ಎಲ್ಲರೆದುರು ಹೆಸರಿಸು, 24 ಗಂಟೆ ಗಡುವು ಕೊಡು. ಫೇಸ್‌ಬುಕ್‌ನಲ್ಲೇ 1.7 ಕೋಟಿಗೂ ಹೆಚ್ಚು ವಿಡಿಯೊ ಬಂದವು. ಮರುವರ್ಷ ಅದೇ ನೀರು, ಅದೇ ನಿಯಮ ಇಟ್ಟುಕೊಂಡು ಮತ್ತೆ ಮಾಡಿದರು. ಹತ್ತಿರಕ್ಕೂ ಬರಲಿಲ್ಲ.

ನೀವೇನು ಮಾಡಬಹುದು? 'ಎಲ್ಲರೂ ಬಾವಿಗೆ ಬಿದ್ದರೆ ನೀನೂ ಬೀಳ್ತೀಯಾ' ಎನ್ನಬೇಡಿ. ಆ ಮಾತಿಗೆ ಎಲ್ಲ ಮಕ್ಕಳ ಹತ್ತಿರವೂ ಉತ್ತರ ಇದೆ. 'ಮಾಡದೇ ಇರುವವರು ಯಾರು?' ಎಂದು ಕೇಳಿ, ಒಂದು ಹೆಸರು ಹೇಳಿಸಿ. 1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಸುತ್ತಲಿದ್ದವರೆಲ್ಲ ಒಟ್ಟಾಗಿ ಬೇಕೆಂದೇ ತಪ್ಪು ಹೇಳಿದಾಗ, ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಉತ್ತರಗಳು ತಪ್ಪಾದವು. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಇದ್ದಾಗ ಆ ತಪ್ಪು ಕಾಲು ಭಾಗಕ್ಕೆ ಇಳಿಯಿತು. ನಿಮ್ಮ ಮಗಳಿಗೆ ಬೇಕಾದದ್ದು ಆ ಒಬ್ಬಳು. ಆ ಜಾಗಕ್ಕೆ ಅಮ್ಮ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ನಾನೇ ಅಡ್ಮಿನ್. 'ಎಲ್ಲರೂ ಸುಳ್ಳು ಸುದ್ದಿ ಫಾರ್ವರ್ಡ್ ಮಾಡುತ್ತಿದ್ದೀರಿ, ನಿಲ್ಲಿಸಿ' ಎಂದು ವಾರಕ್ಕೊಮ್ಮೆ ಹಾಕುತ್ತೇನೆ. ಇನ್ನೂ ಜಾಸ್ತಿಯಾಗಿದೆ.
— ಸೋತ ಅಡ್ಮಿನ್

ಜಾಸ್ತಿಯಾಗದೆ ಇನ್ನೇನು? 'ಎಲ್ಲರೂ ಮಾಡುತ್ತಿದ್ದಾರೆ' ಎಂದು ವಾರಕ್ಕೊಮ್ಮೆ ಜಾಹೀರಾತು ಕೊಡುತ್ತಿರುವವರು ನೀವೇ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನ ಇದೆ. ಜನ ಅದರ ಚೂರು ಎತ್ತಿಕೊಂಡು ಹೋಗುತ್ತಾರೆ. ರಾಬರ್ಟ್ ಚಾಲ್ಡಿನಿ ಅಲ್ಲಿ ಎರಡು ಥರದ ಫಲಕ ಇಟ್ಟು ನೋಡಿದರು. 'ಹಿಂದೆ ಬಂದ ಅನೇಕರು ಎತ್ತಿಕೊಂಡು ಹೋಗಿದ್ದಾರೆ' ಎಂಬ ಫಲಕ ಇದ್ದಾಗ ಗುರುತು ಮಾಡಿ ಇಟ್ಟಿದ್ದ ಚೂರುಗಳಲ್ಲಿ ಸುಮಾರು ಶೇಕಡ 8 ಮಾಯ. 'ದಯವಿಟ್ಟು ಎತ್ತಿಕೊಂಡು ಹೋಗಬೇಡಿ' ಎಂದಷ್ಟೇ ಇದ್ದಾಗ 2ಕ್ಕಿಂತ ಕಡಿಮೆ.

ಬೈಗುಳ ಬಿಟ್ಟು, ಪರಿಶೀಲಿಸಿ ಹಾಕಿದವರಿಗೆ ಎಲ್ಲರೆದುರು ಒಂದು ಥ್ಯಾಂಕ್ಸ್ ಹೇಳಿ. ಉಳಿದದ್ದಕ್ಕೆ ಒಂದಿಷ್ಟು ಅಡೆತಡೆ ಬೇಕು. ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದು ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ನಿಯಮ ಮಾಡಿತು. ಅಂಥ ಸಂದೇಶಗಳು ಶೇಕಡ 70 ಇಳಿದವು ಎಂದು ಕಂಪನಿಯೇ ಹೇಳಿತು. ಯಾರ ಮನಸ್ಸನ್ನೂ ಬದಲಿಸಲಿಲ್ಲ. ಬೆರಳಿಗೆ ಸ್ವಲ್ಪ ಕೆಲಸ ಜಾಸ್ತಿ ಕೊಟ್ಟರು.

ಪ್ರಶ್ನೆ: ಇವತ್ತು ಆಗದಿದ್ದರೂ, ಎಲ್ಲ ಡೇಟಾ ಸಿಕ್ಕ ಮೇಲೆ ಪೂರ್ತಿ ಹೇಳಬಹುದಲ್ಲ?
— ಮೇಲಿನ ವಿದ್ಯಾರ್ಥಿನಿಯ ಗೈಡ್ ಇರಬಹುದು ಎಂದು ನನ್ನ ಅನುಮಾನ

ಸರ್, 2016ರಲ್ಲಿ ಟ್ರಾವಿಸ್ ಮಾರ್ಟಿನ್, ವಾಟ್ಸ್ ಮತ್ತಿತರರು ಟ್ವಿಟರ್‌ನ ಭಾರೀ ಡೇಟಾ ಇಟ್ಟುಕೊಂಡು ಇದನ್ನೇ ಪ್ರಯತ್ನಿಸಿದರು. ಪೋಸ್ಟ್ ಮಾಡುವ ಕ್ಷಣಕ್ಕೆ ಗೊತ್ತಿರುವುದನ್ನೆಲ್ಲ ಹಾಕಿದರು. ಆದರೂ ಒಂದು ಹಂಚಿಕೆ ದೊಡ್ಡದು, ಇನ್ನೊಂದು ಚಿಕ್ಕದು ಆಗುವ ವ್ಯತ್ಯಾಸದಲ್ಲಿ ಅರ್ಧವನ್ನೂ ವಿವರಿಸಲು ಆಗಲಿಲ್ಲ. ವಿವರಿಸಲು ಆದಷ್ಟರಲ್ಲೂ ಬಹುಪಾಲು ಬಂದದ್ದು ಒಂದೇ ಕಡೆಯಿಂದ: ಹಾಕಿದವರ ಹಿಂದಿನ ಪೋಸ್ಟ್‌ಗಳು ಎಷ್ಟು ಓಡಿದ್ದವು ಎಂಬುದರಿಂದ. ಪೋಸ್ಟ್‌ನಲ್ಲಿ ಏನಿದೆ ಎಂಬುದು ಸೇರಿಸಿದ್ದು ಅಷ್ಟಕ್ಕಷ್ಟೆ. ಆ ಹುಡುಗಿಗೆ ಒಂದು ಗಂಟೆ ಕಾಯಲು ಬಿಡಿ. ಪ್ರಾಜೆಕ್ಟ್ ಚೆನ್ನಾಗಿ ಬರುತ್ತದೆ.